ಲೈಕ್ ಒತ್ತುವವರು ಸಾಕು, ಡಮ್ಮಿ ತಿರುವಿ ನೋಡುವ ನಾಲ್ಕು ಜನ ಬೇಕು

ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಬೇಕು ಅಂತ ಹೊರಟವರಿಗೆ ಈಗ ಸಿಗುವ ಸಲಹೆ ಒಂದೇ: ದಿನಾ ಒಂದು ಚಿತ್ರ ಹಾಕು, ಫಾಲೋವರ್ಸ್ ಬೆಳೆಸು, ಉಳಿದದ್ದು ತಾನಾಗೇ ಬರುತ್ತೆ. ಈ ಸಲಹೆಯ ಬಗ್ಗೆ ನನಗೆ ತಕರಾರಿದೆ. ಫೀಡ್‌ನಲ್ಲಿ ಮೆಚ್ಚುಗೆ ಸಿಗುವುದು ಬಿಡಿ ಚಿತ್ರಕ್ಕೆ. ಚಿತ್ರಪುಸ್ತಕದಲ್ಲಾದರೆ ಒಬ್ಬಳೇ ಹುಡುಗಿ ಹನ್ನೆರಡು ಹದಿನಾಲ್ಕು ಸ್ಪ್ರೆಡ್ (ಪುಸ್ತಕ ಬಿಚ್ಚಿದಾಗ ಒಟ್ಟಿಗೆ ಕಾಣುವ ಎಡಬಲದ ಎರಡು ಪುಟ) ಉದ್ದಕ್ಕೂ ಅದೇ ಹುಡುಗಿಯಾಗಿ ಕಾಣಬೇಕು. ಓಡಬೇಕು, ಮುನಿಸಿಕೊಳ್ಳಬೇಕು, ಬೆನ್ನು ತಿರುಗಿಸಿ ನಿಂತರೂ ಅವಳೇ ಅಂತ ಮೂರು ವರ್ಷದ ಮಗುವಿಗೆ ಗೊತ್ತಾಗಬೇಕು. ಮುದ್ದಾದ ಒಂದು ಮುಖ ಬರೆದು ಸಾವಿರ ಲೈಕ್ ಪಡೆದವರು ಎಡವುವುದು ಇಲ್ಲೇ, ಮತ್ತು ಹೀಗೆ ಎಡವಿದ್ದೀರಿ ಅಂತ ಹೇಳುವವರು ಕಾಮೆಂಟಿನಲ್ಲಿ ಸಿಗುವುದಿಲ್ಲ.

ಹಾಗಂತ ಕೋಣೆ ಬಾಗಿಲು ಹಾಕಿಕೊಂಡು ಒಬ್ಬರೇ ಕಲಿಯಿರಿ ಅಂತಲೂ ಅಲ್ಲ. ಒಬ್ಬರೇ ಕಲಿತರೆ ಇನ್ನೂ ಕಷ್ಟ, ಯಾಕೆಂದರೆ ಕಥೆ ಗೊತ್ತಿರುವ ಕಣ್ಣಿಗೆ ಚಿತ್ರದಲ್ಲಿ ಇಲ್ಲದ್ದೂ ಕಾಣುತ್ತದೆ. ಬೇಕಿರುವುದು ಐದಾರು ಜನರ ಗುಂಪು. ಅವರು ನೋಡಬೇಕಾದ್ದು ಬಣ್ಣ ತುಂಬಿ ಮುಗಿಸಿದ ಚಿತ್ರವನ್ನಲ್ಲ, ಪೆನ್ಸಿಲ್ ಗೀಚಿನ ಡಮ್ಮಿಯನ್ನು, ಅಂದರೆ ಪುಸ್ತಕದಂತೆಯೇ ಪುಟ ತಿರುವಬಹುದಾದ ಕಚ್ಚಾ ಮಾದರಿಯನ್ನು. ಮುಗಿದ ಚಿತ್ರದ ಹಿಂದೆ ವಾರಗಟ್ಟಲೆ ದುಡಿಮೆ ಇರುತ್ತದೆ. ಆಗ ತಪ್ಪು ತೋರಿಸಲು ನೋಡುವವರಿಗೂ ಮನಸ್ಸು ಬರುವುದಿಲ್ಲ, ತಿದ್ದಲು ಬರೆದವರಿಗೂ ಮನಸ್ಸು ಬರುವುದಿಲ್ಲ.

ಡಮ್ಮಿ ಮಾಡುವುದು ಸುಲಭ. ಎಂಟು ಎ4 ಹಾಳೆ ಒಟ್ಟಿಗೆ ಅರ್ಧಕ್ಕೆ ಮಡಚಿ, ಮಡಿಕೆಯ ಮೇಲೆ ಎರಡು ಪಿನ್ ಹೊಡೆದರೆ 32 ಪುಟ. ಚಿತ್ರಪುಸ್ತಕ ಸಾಮಾನ್ಯವಾಗಿ ಇಷ್ಟೇ ಪುಟ ಇರುವುದಕ್ಕೆ ಕಾರಣ ಅಚ್ಚುಕೂಟದ ಲೆಕ್ಕ. ದೊಡ್ಡ ಹಾಳೆಯ ಒಂದೊಂದು ಬದಿಗೆ ಎಂಟೆಂಟು ಪುಟ ಮುದ್ರಿಸಿ ಮಡಚಿದರೆ 16 ಪುಟದ ಒಂದು ಫಾರಂ, ಎರಡು ಫಾರಂ ಸೇರಿದರೆ 32. ಶೀರ್ಷಿಕೆ, ಹಕ್ಕುಗಳ ಪುಟ ಎಲ್ಲ ಕಳೆದರೆ ಕಥೆಗೆ ಉಳಿಯುವುದು 14 ಸ್ಪ್ರೆಡ್ ಮತ್ತು ಕೊನೆಗೊಂದು ಒಂಟಿ ಪುಟ. ಗಟ್ಟಿ ರಟ್ಟಿನ ಪುಸ್ತಕದಲ್ಲಿ ರಟ್ಟಿಗೆ ಅಂಟುವ ಹಾಳೆಯನ್ನೂ ಇದೇ 32ರೊಳಗೆ ಲೆಕ್ಕ ಹಿಡಿದರೆ ಸುಮಾರು 12 ಸ್ಪ್ರೆಡ್‌ಗೆ ಇಳಿಯುತ್ತದೆ. ಯಾವ ಲೆಕ್ಕ ಅಂತ ಪ್ರಕಾಶಕರನ್ನು ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಬಣ್ಣ ಹಚ್ಚಿದ ಎರಡು ಸ್ಪ್ರೆಡ್ ಕಿತ್ತುಹಾಕಬೇಕಾಗುತ್ತದೆ.

ಡಮ್ಮಿಗೂ ಮುಂಚೆ ಇಡೀ ಪುಸ್ತಕದ ಥಂಬ್‌ನೇಲ್ (ಪ್ರತಿ ಸ್ಪ್ರೆಡ್‌ನ ಪುಟ್ಟ ಗೀಚುಚಿತ್ರ) ಒಂದೇ ಹಾಳೆಯಲ್ಲಿ ಬರಲಿ, ಒಂದೊಂದು ಚೌಕ ಐದು ಸೆಂಟಿಮೀಟರ್ ಅಗಲ, ಅದಕ್ಕಿಂತ ದೊಡ್ಡದು ಬೇಡ. ಜಾಗ ಸಿಕ್ಕರೆ ಕೈ ಕಣ್ಣುರೆಪ್ಪೆ ಬಿಡಿಸಲು ಶುರುಮಾಡುತ್ತದೆ. ಈ ಹಂತದಲ್ಲಿ ಕಾಣಬೇಕಾದ್ದು ಬೇರೆ: ಸಾಲಾಗಿ ನಾಲ್ಕು ಸ್ಪ್ರೆಡ್ ಒಂದೇ ದೂರದಿಂದ ನೋಡಿದಂತಿದೆಯೇ, ಪಾತ್ರ ಯಾವಾಗಲೂ ಪುಟದ ನಡುವೆಯೇ ನಿಂತಿದೆಯೇ, ಪಠ್ಯಕ್ಕೆ ಜಾಗ ಬಿಟ್ಟಿದೆಯೇ. ಡಮ್ಮಿಗೆ ಬಂದ ಮೇಲೆ ಗೊತ್ತಾಗುವುದು ಪುಟ ತಿರುವು. ಪೆಟ್ಟಿಗೆಯೊಳಗೆ ಏನಿದೆ ಅನ್ನುವುದು ಅದೇ ಸ್ಪ್ರೆಡ್‌ನ ಬಲಪುಟದಲ್ಲಿ ಕಂಡುಬಿಟ್ಟರೆ ಮಗುವಿಗೆ ಪುಟ ತಿರುವಲು ಕಾರಣ ಉಳಿಯುವುದಿಲ್ಲ. ಪರದೆಯ ಮೇಲೆ ಪಿಡಿಎಫ್ ಸರಿಸುತ್ತಾ ನೋಡಿದರೆ ಈ ತಪ್ಪು ಕಣ್ಣಿಗೆ ಬೀಳುವುದೇ ಅಪರೂಪ. ಗಟರ್ ಅಂತ ಕರೆಯುವ ನಡುಮಡಿಕೆಯಲ್ಲಿ ಮುಖ ಸಿಕ್ಕಿಬಿದ್ದಿರುವುದೂ ಹಾಗೆಯೇ. ಮುಖ, ಕೈಬೆರಳು, ಅಕ್ಷರ ಇವನ್ನು ಮಡಿಕೆಯಿಂದ ಎರಡೂ ಬದಿಗೆ ಕನಿಷ್ಠ 10 ಮಿಲಿಮೀಟರ್ ದೂರ ಇಡಿ. ಅಂಟು ಬೈಂಡಿಂಗ್ ಆದರೆ ಇನ್ನಷ್ಟು, ಏಕೆಂದರೆ ಆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಗುಂಪು ಕೂರುವ ರೀತಿ. ಒಬ್ಬೊಬ್ಬರಿಗೆ 25 ನಿಮಿಷ ಸಾಕು. ಮೊದಲ ಐದು ನಿಮಿಷ ಎಲ್ಲರೂ ಡಮ್ಮಿಯನ್ನು ಪಠ್ಯ ಇಲ್ಲದೆ, ಮಾತಿಲ್ಲದೆ ತಿರುವಬೇಕು. ಆಮೇಲೆ ಒಬ್ಬರು, ಚಿತ್ರ ನೋಡಿ ತಮಗೆ ಅರ್ಥವಾದ ಕಥೆ ಹೇಳಬೇಕು. ಬರೆದವರು ಅಷ್ಟೂ ಹೊತ್ತು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳುತ್ತಿರಬೇಕು. ಇದು ಎಲ್ಲರಿಗೂ ಕಷ್ಟದ ನಿಯಮ. "ಅಲ್ಲ, ಅದು ಅವಳ ಅಜ್ಜಿ, ಮುಂದಿನ ಪುಟದಲ್ಲಿ ಬರುತ್ತೆ" ಅಂತ ವಿವರಿಸಲು ನಾಲಿಗೆ ತುರಿಸುತ್ತದೆ. ಆದರೆ ಪುಸ್ತಕ ಮನೆಗೆ ಹೋದಾಗ ವಿವರಿಸಲು ನೀವು ಪಕ್ಕದಲ್ಲಿ ಕೂತಿರುವುದಿಲ್ಲವಲ್ಲ. ನಂತರದ ಹತ್ತು ನಿಮಿಷ ಎಲ್ಲಿ ಗೊಂದಲವಾಯಿತು ಅನ್ನುವುದಕ್ಕೆ, ಪುಟಸಂಖ್ಯೆ ಸಮೇತ. ಉಳಿದದ್ದು ಬರೆದವರು ಕೇಳುವ ಪ್ರಶ್ನೆಗೆ.

ಟಿಪ್ಪಣಿ ಹೇಗಿರಬೇಕು ಅನ್ನುವುದರಲ್ಲೇ ಗುಂಪಿನ ಗುಣ ಗೊತ್ತಾಗುತ್ತದೆ. "14–15: ನಾಯಿ ಎಲ್ಲಿಂದ ಬಂತು?" ಅನ್ನುವುದು ಉಪಯೋಗದ ಮಾತು. "ನಾಯಿ ತೆಗೆದು ಬೆಕ್ಕು ಹಾಕಿ" ಅನ್ನುವುದು ಇನ್ನೊಬ್ಬರ ಪುಸ್ತಕ ಬರೆಯುವ ಚಪಲ. "ತುಂಬಾ ಚೆನ್ನಾಗಿದೆ, ಕ್ಯೂಟ್" ಅನ್ನುವುದಕ್ಕೆ ಗುಂಪು ಬೇಕಿರಲಿಲ್ಲ, ಫೀಡ್ ಇತ್ತು. ಒಂದೇ ಪುಟದ ಬಗ್ಗೆ ಮೂವರು ತಕರಾರು ತೆಗೆದರೆ ಆ ಪುಟದಲ್ಲಿ ತೊಂದರೆ ಇರುವುದು ನಿಜ. ಅವರು ಸೂಚಿಸುವ ಪರಿಹಾರ ಮಾತ್ರ ಎಷ್ಟೋ ಸಲ ತಪ್ಪಾಗಿರುತ್ತದೆ. ನಾಯಿ ಎಲ್ಲಿಂದ ಬಂತು ಅನ್ನುವ ಗೊಂದಲಕ್ಕೆ ಮದ್ದು ಎರಡು ಸ್ಪ್ರೆಡ್ ಹಿಂದೆ ಬಾಗಿಲ ಸಂದಿಯಲ್ಲಿ ಒಂದು ಬಾಲ ತೋರಿಸುವುದಿರಬಹುದು.

ಗುಂಪಿನಲ್ಲಿ ಒಬ್ಬರಿಗೆ ಒಂದೇ ಕೆಲಸ ಕೊಡಿ: ಹೊಂದಾಣಿಕೆ ನೋಡುವುದು. ಸ್ಪ್ರೆಡ್‌ಗೆ ಒಂದು ಸಾಲಿನಂತೆ ಪಟ್ಟಿ ಮಾಡಿ ಬಟ್ಟೆ, ಕೈಯಲ್ಲಿರುವ ವಸ್ತು, ಚೀಲ ಯಾವ ಹೆಗಲಿಗಿದೆ, ಹೊತ್ತು ಯಾವುದು, ಬೆಳಕು ಯಾವ ಕಡೆಯಿಂದ, ಕಿಟಕಿ ಎಡಕ್ಕೋ ಬಲಕ್ಕೋ ಅಂತ ಗುರುತು ಹಾಕಿಕೊಳ್ಳಲಿ. ಬರೆದವರ ಕಣ್ಣಿಗೆ ಇವು ಬೀಳುವುದೇ ಇಲ್ಲ, ಮಕ್ಕಳ ಕಣ್ಣಿಗೆ ಮೊದಲ ಓದಿಗೇ ಬೀಳುತ್ತವೆ. ಇದಕ್ಕಿಂತ ದೊಡ್ಡ ತಪ್ಪು ಪಾತ್ರದ ವಯಸ್ಸು ಬದಲಾಗುವುದು. ಪುಟಾಣಿ ಮಗುವಿನ ದೇಹ ಸುಮಾರು ನಾಲ್ಕು ತಲೆ ಎತ್ತರ, ದೊಡ್ಡವರದ್ದು ಏಳು, ಏಳೂವರೆ. ತಿಂಗಳುಗಟ್ಟಲೆ ಬಿಡಿಸುವಾಗ ತಲೆ ಸ್ವಲ್ಪ ಸಣ್ಣದಾಗುತ್ತಾ ಹೋಗಿ ಮೊದಲ ಪುಟದ ನಾಲ್ಕು ವರ್ಷದವಳು ಕೊನೆಯ ಪುಟದಲ್ಲಿ ಎಂಟು ವರ್ಷದವಳಾಗಿರುತ್ತಾಳೆ. ಇದಕ್ಕೇ ಪಾತ್ರದ ಹಾಳೆ ಮೊದಲು ಮಾಡಬೇಕು: ಮುಂದಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ, ಕೂತದ್ದು, ಓಡಿದ್ದು, ಅತ್ತದ್ದು, ನಿದ್ದೆಮಾಡಿದ್ದು, ಜತೆಗೆ ಎಲ್ಲ ಪಾತ್ರಗಳೂ ಸಾಲಾಗಿ ನಿಂತ ಒಂದು ಎತ್ತರದ ಚಿತ್ರ. ಬಿಡಿಸುವ ಮೇಜಿನ ಎದುರಿಗೆ ಅದು ಅಂಟಿಕೊಂಡಿರಲಿ.

ಗುಂಪಿನಲ್ಲಿ ಎಲ್ಲರೂ ಚಿತ್ರ ಬರೆಯುವವರೇ ಆಗಿರುವುದು ನನ್ನ ಪ್ರಕಾರ ಸಾಮಾನ್ಯವಾದ ಮತ್ತು ದುಬಾರಿ ತಪ್ಪು. ಅವರು ಬ್ರಷ್ ಬಗ್ಗೆ ಮಾತಾಡುತ್ತಾರೆ, ಕಥೆ ಬಗ್ಗೆ ಕಡಿಮೆ. ಒಬ್ಬರು ಬರೆಹಗಾರರು, ಒಬ್ಬರು ಗ್ರಂಥಾಲಯದವರು ಅಥವಾ ನರ್ಸರಿ ಟೀಚರ್, ಸಾಧ್ಯವಾದರೆ ಡಿಟಿಪಿ ಅಥವಾ ಮುದ್ರಣದ ಕೆಲಸ ಗೊತ್ತಿರುವವರೊಬ್ಬರು ಇರಲಿ. ಗಟ್ಟಿಯಾಗಿ ಓದಿ ಹೇಳುವವರಿಗೆ ಗೊತ್ತಿರುವ ಒಂದು ಸಂಗತಿ ಕಲಾವಿದರಿಗೆ ಹೊಳೆಯುವುದಿಲ್ಲ: ಪುಸ್ತಕವನ್ನು ಹತ್ತು ಮಕ್ಕಳ ಎದುರು ಎತ್ತಿ ಹಿಡಿದಾಗ ಕೊನೆಯ ಮಗು ಎರಡು ಮೀಟರ್ ದೂರದಲ್ಲಿರುತ್ತದೆ. ಅಷ್ಟು ದೂರದಿಂದ ಕಥೆಯ ಮುಖ್ಯ ಮುಖಭಾವ ಕಾಣುತ್ತದೆಯೇ ಅಂತ ಡಮ್ಮಿಯನ್ನು ಗೋಡೆಗೆ ಒರಗಿಸಿ ನೋಡಿ.

ಮಕ್ಕಳಿಗೆ ತೋರಿಸುವಾಗ "ಇಷ್ಟವಾಯಿತಾ?" ಅಂತ ಕೇಳಬೇಡಿ. ಹೂಂ ಅನ್ನುತ್ತಾರೆ, ಅವರಿಗೂ ದಾಕ್ಷಿಣ್ಯ ಇರುತ್ತದೆ. ಬೆರಳು ಎಲ್ಲಿಗೆ ಹೋಗುತ್ತದೆ, ಯಾವ ಪುಟದಲ್ಲಿ ಎದ್ದು ಓಡಾಡಲು ಶುರುಮಾಡುತ್ತಾರೆ, ಓದಿ ಮುಗಿಸುವ ಮೊದಲೇ ಪುಟ ತಿರುವಲು ಎಲ್ಲಿ ಕೈ ಚಾಚುತ್ತಾರೆ ಅನ್ನುವುದನ್ನು ಇನ್ನೊಬ್ಬರು ಪಕ್ಕದಲ್ಲಿ ಕೂತು ಗುರುತು ಹಾಕಿಕೊಳ್ಳಲಿ. ಓದುವವರೇ ಗುರುತು ಹಾಕಲು ಆಗುವುದಿಲ್ಲ. ಪೋಷಕರ ಒಪ್ಪಿಗೆ ಇರಲಿ, ಮಕ್ಕಳ ಫೋಟೋ ಪೋಸ್ಟ್ ಮಾಡುವ ಆಸೆ ಬಿಡಿ. ಮತ್ತು ಪ್ರಕಾಶಕರು ಒಪ್ಪಿಸಿದ ಕೆಲಸವಾದರೆ ಹೊರಗಿನವರಿಗೆ ತೋರಿಸಲು ಮೊದಲು ಅವರ ಅನುಮತಿ ಬೇಕು. ಕರಾರಿನಲ್ಲಿ ಗೋಪ್ಯತೆಯ ಸಾಲು ಇದ್ದರೆ ನಿಮ್ಮ ಐದು ಜನರ ಗುಂಪೂ ಹೊರಗಿನವರೇ.

ಅಚ್ಚಿನ ವಿಷಯದಲ್ಲಿ ಗುಂಪು ನೇರವಾಗಿ ಹಣ ಉಳಿಸುತ್ತದೆ. ಪರದೆಯ ಮೇಲೆ ಹೊಳೆಯುವ ಕಡುನೀಲಿ, ಗಿಳಿಹಸಿರು, ಕಣ್ಣು ಕುಕ್ಕುವ ಗುಲಾಬಿ ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತವೆ, ಏಕೆಂದರೆ ಪರದೆಯ ಬೆಳಕು ತೋರುವ ಎಲ್ಲ ಬಣ್ಣವನ್ನೂ ಶಾಯಿಯಿಂದ ತರಲಾಗದು. ನುಣುಪಿಲ್ಲದ ಕಾಗದ ಶಾಯಿ ಹೀರಿಕೊಂಡು ಚುಕ್ಕೆಗಳು ಹರಡುವುದರಿಂದ ರಾತ್ರಿಯ ದೃಶ್ಯಗಳು ಕೆಸರಿನಂತಾಗುತ್ತವೆ. ಇದನ್ನು ತಿಳಿಯಲು ಪ್ರೂಫ್ (ಪರೀಕ್ಷೆಗೆಂದು ತೆಗೆಯುವ ಮಾದರಿ ಅಚ್ಚು) ತೆಗೆಯದೆ ದಾರಿ ಇಲ್ಲ. ನಾಲ್ವರು ಸೇರಿ ಒಬ್ಬೊಬ್ಬರ ಅತಿ ಕತ್ತಲೆಯ ಒಂದು, ಅತಿ ಬಣ್ಣದ ಒಂದು ಚಿತ್ರವನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಪ್ರೂಫ್ ತೆಗೆಸಿ ಖರ್ಚು ಹಂಚಿಕೊಳ್ಳಿ. ಫೈಲ್ ಮುದ್ರಣದ ಅಳತೆಯಲ್ಲಿ 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಚಿತ್ರದ ಅಂಚು) ಅನ್ನುವುದು ಬಹುತೇಕ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಪಠ್ಯದ ಪದರ. ಅಕ್ಷರ ಬೇರೆ ಲೇಯರ್‌ನಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಇರಬೇಕು. ಆಗ ಬೇರೆ ಭಾಷೆಗೆ ಹೋದಾಗ ಕಪ್ಪು ಪ್ಲೇಟ್ (ಒಂದೊಂದು ಶಾಯಿಗೂ ಬೇರೆಯಾಗಿರುವ ಅಚ್ಚುಫಲಕ) ಒಂದನ್ನೇ ಬದಲಿಸಿದರೆ ಸಾಕು. ಕಡುಬಣ್ಣದ ಮೇಲೆ ಬಿಳಿ ಅಕ್ಷರ ಬಿಟ್ಟರೆ, ಚಿತ್ರದೊಳಗೆ ಅಂಗಡಿಯ ಬೋರ್ಡು ಕೈಯಲ್ಲೇ ಬರೆದರೆ, ಪ್ರತಿ ಭಾಷೆಗೂ ಚಿತ್ರ ತಿದ್ದಬೇಕು. ಪಠ್ಯದ ಜಾಗವನ್ನೂ ಒಂದು ಮೂರನೇ ಪಾಲು ಹೆಚ್ಚೇ ಬಿಡಿ. ಒತ್ತಕ್ಷರ ಇರುವ ಲಿಪಿಗಳಿಗೆ ಸಾಲುಗಳ ನಡುವೆ ಜಾಸ್ತಿ ಅಂತರ ಬೇಕಾಗುತ್ತದೆ.

ದುಡ್ಡಿನ ಮಾತಿಗೆ ಬಂದರೆ ಎಲ್ಲರೂ ಮೌನ. ಈ ಮೌನದಿಂದ ಕಲಾವಿದರಿಗೆ ಲಾಭ ಆದದ್ದನ್ನು ನಾನು ಕಂಡಿಲ್ಲ. ಗೋಪ್ಯತೆಯ ಕರಾರು ಅಡ್ಡಬಾರದ ಕಡೆ ಗುಂಪಿನೊಳಗೆ ಒಂದು ಪಟ್ಟಿ ಇಟ್ಟುಕೊಳ್ಳಿ: ಎಷ್ಟು ಸ್ಪ್ರೆಡ್, ಒಟ್ಟು ಮೊತ್ತವೋ ಮುಂಗಡ ಮತ್ತು ರಾಯಲ್ಟಿಯೋ, ರಫ್ ಹಂತದಲ್ಲಿ ಎಷ್ಟು ಸುತ್ತು ತಿದ್ದುಪಡಿ, ಬಣ್ಣವಾದ ಮೇಲೆ ಎಷ್ಟು, ಹಣ ಯಾವ ಹಂತಗಳಲ್ಲಿ, ಕೆಲಸ ನಡುವೆ ನಿಂತರೆ ಎಷ್ಟು, ಮೂಲಚಿತ್ರ ವಾಪಸ್ ಬರುತ್ತದೆಯೇ, ಮುಖಪುಟದಲ್ಲಿ ಹೆಸರಿದೆಯೇ. ಸಹಿಗೆ ಒಂದು ಪಾಲು, ರಫ್ ಒಪ್ಪಿದಾಗ ಒಂದು ಪಾಲು, ಕೊನೆಯ ಫೈಲ್‌ಗೆ ಉಳಿದದ್ದು ಅನ್ನುವ ಹಂಚಿಕೆ ರೂಢಿಯಲ್ಲಿದೆ. "ಪುಸ್ತಕ ಪ್ರಕಟವಾದ ಮೇಲೆ" ಅಂತಿದ್ದರೆ ಎಚ್ಚರ, ಪ್ರಕಟಣೆ ಮುಂದೆ ಹೋದಷ್ಟೂ ನಿಮ್ಮ ಹಣವೂ ಮುಂದೆ ಹೋಗುತ್ತದೆ. ಹಕ್ಕು ಪೂರ್ತಿ ಬರೆದುಕೊಡುವುದಕ್ಕೂ ಇಂತಿಂಥ ಭಾಷೆ, ರೂಪ, ಪ್ರದೇಶ, ಅವಧಿಗೆ ಅಂತ ಪರವಾನಗಿ ಕೊಡುವುದಕ್ಕೂ ಅಜಗಜಾಂತರ. ಅಂಗಿಯ ಮೇಲೆ, ಆಟಿಕೆಯ ಮೇಲೆ ನಿಮ್ಮ ಪಾತ್ರ ಬಂದಾಗ ಈ ವ್ಯತ್ಯಾಸ ನೆನಪಾದರೆ ಪ್ರಯೋಜನವಿಲ್ಲ.

ಸಮುದಾಯ ಅನ್ನುವ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದೂ ಉಂಟು. ಸ್ಪರ್ಧೆ ಅಂತ ಕರೆದು, ಗೆಲ್ಲದವರ ಚಿತ್ರದ ಹಕ್ಕನ್ನೂ ಕಿತ್ತುಕೊಳ್ಳುವ ನಿಯಮ ಇದ್ದರೆ ಅದು ಸ್ಪರ್ಧೆಯಲ್ಲ, ಅಗ್ಗದ ಖರೀದಿ. ಮುಕ್ತ ಪರವಾನಗಿಯ ಕೆಲಸವನ್ನು ಇದರ ಜತೆ ಸೇರಿಸಬಾರದು. ಮಕ್ಕಳ ಪುಸ್ತಕಗಳ ಪ್ರಕಾಶಕರಾದ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಮುಕ್ತ ಕಥೆಗಳ ಜಾಲತಾಣ ಸ್ಟೋರಿವೀವರ್‌ನಂಥ ಕಡೆ ನಿಮ್ಮ ಚಿತ್ರ ಯಾವ ಯಾವುದೋ ಭಾಷೆಯ ಮಕ್ಕಳನ್ನು ತಲುಪುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅಲ್ಲಿ ಬಳಸುವ ಸಿಸಿ ಬೈ 4.0 ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಂದರೆ ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು, ಮತ್ತು ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು. ತಿಳಿದು ಕೊಡಿ.

ದೊಡ್ಡ ಸಂಘಟನೆಗಳಿಂದಲೂ ಉಪಯೋಗವಿದೆ. 1971ರಲ್ಲಿ ಹುಟ್ಟಿದ ಎಸ್‌ಸಿಬಿಡಬ್ಲ್ಯುಐ ಅನ್ನುವ ಮಕ್ಕಳ ಬರೆಹಗಾರರ ಮತ್ತು ಚಿತ್ರಕಾರರ ಸಂಘಕ್ಕೆ ಹಲವು ದೇಶಗಳಲ್ಲಿ ಶಾಖೆಗಳಿವೆ, ಅಲ್ಲಿಂದಲೇ ಸಣ್ಣ ವಿಮರ್ಶಾ ಗುಂಪು ಹುಡುಕಿಕೊಳ್ಳಬಹುದು. ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದ ಚಿತ್ರಕಾರರ ಪ್ರದರ್ಶನ ಕೇಳುವುದು ಒಂದೇ ವಸ್ತುವಿಗೆ ಸೇರಿದ ಐದು ಚಿತ್ರ. ಒಂದು ಬೆರಗಿನ ಚಿತ್ರ ಸಾಲದು, ಐದು ಒಟ್ಟಿಗೆ ನಿಲ್ಲಬೇಕು. ಪೋರ್ಟ್‌ಫೋಲಿಯೋಗೂ ಇದೇ ಅಳತೆಗೋಲು ಇಟ್ಟುಕೊಳ್ಳಿ. 12ರಿಂದ 15 ಚಿತ್ರ ಸಾಕು, ಅದರಲ್ಲಿ ಒಂದೇ ಪಾತ್ರ ಕನಿಷ್ಠ ಮೂರು ಕಡೆ ಬರಲಿ, ಮಕ್ಕಳು ಏನಾದರೂ ಮಾಡುತ್ತಿರಲಿ. ಬರೀ ನಿಂತು ನೋಡುವ ಮುದ್ದು ಮುಖಗಳನ್ನು ಸಂಪಾದಕರು ಬೇಕಾದಷ್ಟು ನೋಡಿರುತ್ತಾರೆ.

ಗುಂಪು ಚೆನ್ನಾಗಿ ನಡೆದರೂ ಒಂದು ಕಾಯಿಲೆ ಬರುತ್ತದೆ: ಎಲ್ಲರ ಚಿತ್ರವೂ ಒಂದೇ ಥರ ಆಗುವುದು. ಅದೇ ಬ್ರಷ್, ಅದೇ ಕೆಂಪು ಕೆನ್ನೆ, ಅದೇ ಚುಕ್ಕೆಯ ಕಣ್ಣು. ಒಳಗಿರುವವರಿಗೆ ಇದು ತಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಎಲ್ಲರ ಒಂದೊಂದು ಸ್ಪ್ರೆಡ್ ಹೆಸರಿಲ್ಲದೆ ಗೋಡೆಗೆ ಅಂಟಿಸಿ, ಎಷ್ಟು ಜನ ಬರೆದದ್ದು ಅಂತ ಹೊರಗಿನವರೊಬ್ಬರನ್ನು ಕೇಳಿ. ಆರು ಜನರ ಚಿತ್ರ ನೋಡಿ ಅವರು ಇಬ್ಬರು ಅಥವಾ ಮೂವರು ಅಂದರೆ ಒಂದೆರಡು ತಿಂಗಳು ಸಭೆ ನಿಲ್ಲಿಸಿ. ಮತ್ತೆ ಶುರುಮಾಡುವಾಗ ಚಿತ್ರ ಬರೆಯದ ಇನ್ನೊಬ್ಬರನ್ನು ಕರೆದುಕೊಳ್ಳಿ, ಗೊಂಬೆಯಾಟದವರಾದರೂ ಸರಿ, ಮಕ್ಕಳ ನಾಟಕ ಮಾಡಿಸುವವರಾದರೂ ಸರಿ.