ಫ್ಲೋರೈಡನ್ನು ಕಂಡವರು ಯಾರು?

ಕುಷ್ಟಗಿ ಅಥವಾ ಯಲಬುರ್ಗಾ ಕಡೆಯ ಹಳ್ಳಿಯಲ್ಲಿ, ಬೋರಿನ ನೀರಿನ ಫ್ಲೋರೈಡ್ ತೆಗೆಯಬೇಕಾದ ಶುದ್ಧ ಕುಡಿಯುವ ನೀರಿನ ಘಟಕ ಎಲ್ಲಿದೆ ಎಂದು ಕೇಳಿದಾಗ, "ನಡಿಯೂದು ಬೇಕೇನ್ರಿ, ನಿಂತಿದ್ದು ಬೇಕೇನ್ರಿ?" ಎಂಬ ಮರುಪ್ರಶ್ನೆ ಬಂದರೆ ಆಶ್ಚರ್ಯಪಡಬೇಕಿಲ್ಲ. ನಿಂತದ್ದನ್ನು ಗುರುತಿಸುವುದು ಸುಲಭ. ಬಾಗಿಲಿಗೆ ಬೀಗವಿರುತ್ತದೆ, ಕಾಯಿನ್ ಹಾಕುವ ಸಂದಿಯಲ್ಲಿ ಯಾವನೋ ಹುಡುಗ ತುರುಕಿದ ಐಸ್‌ಕ್ರೀಮ್ ಕಡ್ಡಿಯಿರುತ್ತದೆ, ಕ್ಯಾನ್ ಇಡುವ ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತದೆ. ಅದೇ ಘಟಕದ ಹೆಸರಿನ ಮುಂದೆ ಕಚೇರಿಯ ಕಡತದಲ್ಲಿ ಮಾತ್ರ 'ಚಾಲ್ತಿಯಲ್ಲಿದೆ' ಎಂದು ಬರೆದಿರುತ್ತದೆ. ಇದನ್ನು ಕಂಡ ಕೂಡಲೇ ಸುಳ್ಳು ಲೆಕ್ಕವೆಂದು ಕೂಗಾಡುವವರು ತತ್ವಶಾಸ್ತ್ರದ ಗಂಧಗಾಳಿ ಇಲ್ಲದವರು. ನಮ್ಮ ಕಚೇರಿಗಳು ವಿಜ್ಞಾನದ ತತ್ವಶಾಸ್ತ್ರದಲ್ಲಿ ಒಂದು ನಿಲುವನ್ನು ತಳೆದಿವೆ, ಅದನ್ನು ಸುತ್ತೋಲೆಯಲ್ಲಿ ಪ್ರಕಟಿಸಿಲ್ಲ, ಅಷ್ಟೆ.

ಕಾಣದ್ದನ್ನು ನಂಬಬೇಕಿಲ್ಲವೆಂಬ ಈ ನಿಲುವಿನ ಮೂಲ ಹಳೆಯದು. ಕಣ್ಣಿಗೆ ಕಾಣದ ಎಲೆಕ್ಟ್ರಾನು, ಅಣು, ಅಯಾನುಗಳ ಬಗ್ಗೆ ವಿಜ್ಞಾನ ಹೇಳುವುದು ನಿಜವಾಗಿ ಇರುವ ವಸ್ತುಗಳ ಬಗೆಗಿನ ಸತ್ಯ, ಅಥವಾ ಸತ್ಯಕ್ಕೆ ಹತ್ತಿರದ ಮಾತು ಎನ್ನುವವರು ವಾಸ್ತವವಾದಿಗಳು. ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಕಾಣುವ ಸಂಗತಿಗಳಿಗೆ ಸಿದ್ಧಾಂತ ಹೊಂದಿಕೆಯಾದರೆ ಸಾಕು, ಕಾಣದ್ದರ ಬಗ್ಗೆ ನಂಬಿಕೆಯನ್ನು ತಡೆಹಿಡಿಯಬಹುದು ಎಂದು 1980ರಲ್ಲಿ ವಾದಿಸಿದವರು ತತ್ವಜ್ಞಾನಿ ಬಾಸ್ ವಾನ್ ಫ್ರಾಸೆನ್. ಅವರಿಗಿಂತ ಬಹಳ ಮೊದಲು ವಿಯೆನ್ನಾದಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್, ಪರಮಾಣುಗಳ ಮಾತೆತ್ತಿದವರನ್ನು "ಒಂದನ್ನಾದರೂ ಕಂಡಿದ್ದೀರಾ?" ಎಂದು ಕೇಳುತ್ತಿದ್ದರೆಂದು ಪ್ರಸಿದ್ಧಿ. ಆ ಪ್ರಶ್ನೆಗೆ ಯುರೋಪಿನಲ್ಲಿ ಈಗ ಬೆಲೆಯಿಲ್ಲ. ನಮ್ಮ ಗ್ರಾಮಸಭೆಗಳಲ್ಲಿ ಅದು ಇನ್ನೂ ಗಟ್ಟಿಯಾಗಿ ಬದುಕಿದೆ.

ಸಭೆಯ ನಡುವೆ ಒಬ್ಬ ತಾಯಿ ಎದ್ದು ನಿಂತು, ಸೆರಗಿನೊಳಗಿನಿಂದ ಬಾಟಲಿ ತೆಗೆದು, "ಸಾಹೇಬ್ರ, ಈ ಬೋರಿನ ನೀರಾಗ ಫ್ಲೋರೈಡ್ ಐತಂತ್ರಿ, ಹುಡುಗರ ಹಲ್ಲೆಲ್ಲ ಕಂದು ಆಗ್ಯಾವ್ರಿ" ಎನ್ನುತ್ತಾಳೆ. ಸಾಹೇಬರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, "ಎಲ್ಲೈತಿ ತೋರಸವಾ? ಎಷ್ಟು ತಿಳಿ ಐತಿ ನೋಡು" ಎನ್ನುತ್ತಾರೆ. ನೀರು ತಿಳಿಯಾಗಿರುವುದು ನಿಜ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬಾವಿ ನೀರಿನಲ್ಲಿರುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ನೆಲದಡಿಯ ಗ್ರಾನೈಟ್ ಹಾಗೂ ನೈಸ್ ಶಿಲೆಗಳಲ್ಲಿನ ಖನಿಜಗಳಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ಜಲಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಇಷ್ಟು ಸೂಕ್ಷ್ಮವಾದದ್ದನ್ನು ಕಿಟಕಿಯ ಬೆಳಕಿನಲ್ಲಿ ಹುಡುಕಿದವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಆದರೆ ವಾನ್ ಫ್ರಾಸೆನ್ ಅವರ ಮೇಲೆ ಈ ಪಾಪವನ್ನು ಹೊರಿಸುವುದು ಅನ್ಯಾಯ. ಸಿದ್ಧಾಂತವು ಕಾಣುವ ಸಂಗತಿಗಳನ್ನೆಲ್ಲ ಉಳಿಸಿಕೊಳ್ಳಬೇಕೆಂಬುದು ಅವರ ಕಟ್ಟುನಿಟ್ಟಿನ ಷರತ್ತು, ಮಗುವಿನ ಹಲ್ಲಂತೂ ಹತ್ತು ಮಾರು ದೂರಕ್ಕೂ ಕಾಣುತ್ತದೆ. ನಮ್ಮ ಕಚೇರಿ ಉಳಿಸಿಕೊಳ್ಳುವುದು ಕಡತದಲ್ಲಿ ಕಾಣುವ ಸಂಗತಿಗಳನ್ನು ಮಾತ್ರ.

ಹಲ್ಲಿನಿಂದ ನೀರಿಗೆ, ನೀರಿನಿಂದ ಕಾಣದ ಕಾರಣಕ್ಕೆ ಹೋಗುವ ದಾರಿಯನ್ನು ಒಮ್ಮೆ ನಡೆದು ತೋರಿಸಿದವರಿದ್ದಾರೆ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲಿನ ಕಂದು ಕರೆಯನ್ನು ಕಂಡು ಕಾರಣ ಹುಡುಕಲು ಹೊರಟರು. ಮೂರು ದಶಕ ಹಿಡಿಯಿತು. ನಡುವೆ 1920ರ ದಶಕದಲ್ಲಿ ಐಡಾಹೊ ಸೀಮೆಯ ಓಕ್ಲಿ ಎಂಬ ಊರಿಗೆ ಹೋದಾಗ, ಹೊಸ ಕೊಳವೆ ಮಾರ್ಗದ ನೀರು ಬಂದ ಮೇಲೆ ಮಕ್ಕಳ ಹಲ್ಲಿಗೆ ಕರೆ ಬಂತೆಂದು ಅಲ್ಲಿನ ತಾಯಂದಿರು ಹೇಳಿದರು. ಆ ನೀರನ್ನು ಪರೀಕ್ಷಿಸಿದಾಗ ಅನುಮಾನಪಡುವಂಥದ್ದೇನೂ ಸಿಗಲಿಲ್ಲ. ಆದರೂ ಮೆಕೇ ಆ ಮಾರ್ಗವನ್ನು ಬಿಟ್ಟು ಬೇರೆ ಊಟೆಯ ನೀರು ತರಲು ಸಲಹೆ ಕೊಟ್ಟರು, ಊರವರು ಕೇಳಿದರು, ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕರೆಯಿಲ್ಲದ ಹೊಸ ಹಲ್ಲು ಬಂದವು. ಕಾರಣದ ಹೆಸರೇ ಗೊತ್ತಿಲ್ಲದ ಹೊತ್ತಿನಲ್ಲಿ ಕಾರಣ ಇದೆಯೆಂದು ನಂಬಿ ನಡೆದುಕೊಂಡು ಗೆದ್ದ ಪ್ರಸಂಗವಿದು. ಪ್ರಯೋಗಾಲಯದ ವರದಿ 'ಸರಿಯಿದೆ' ಎಂದಾಗಲೂ ತಾಯಂದಿರ ಮಾತನ್ನು ಪುರಾವೆಯೆಂದು ಎಣಿಸಿದ ಆ ದಂತವೈದ್ಯ ನಮ್ಮಲ್ಲಿ ನೌಕರಿಗೆ ಸೇರಿದ್ದರೆ ಕಾರಣ ಕೇಳುವ ನೋಟಿಸು ಗ್ಯಾರಂಟಿ.

ಹೆಸರು ಸಿಕ್ಕಿದ್ದು 1931ರಲ್ಲಿ. ಅರ್ಕಾನ್ಸಾದ ಬಾಕ್ಸೈಟ್ ಎಂಬ ಊರಿನ ಮಕ್ಕಳ ಹಲ್ಲಿನಲ್ಲೂ ಅದೇ ಕರೆ. ಅಲ್ಯೂಮಿನಿಯಂ ಕಂಪನಿಯೊಂದರ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್, ಅಲ್ಲಿನ ನೀರನ್ನು ರೋಹಿತ ವಿಶ್ಲೇಷಣೆಗೆ (ಬೆಳಕಿನ ಬಣ್ಣಗಳಿಂದ ವಸ್ತುವನ್ನು ಗುರುತಿಸುವ ಪರೀಕ್ಷೆಗೆ) ಹಾಕಿಸಿದಾಗ ಫ್ಲೋರೈಡ್ ವಿಪರೀತ ಇದೆಯೆಂಬ ಉತ್ತರ ಬಂತು. ಚರ್ಚಿಲ್ ನಂಬಲಿಲ್ಲ, ಮಾದರಿಯೇ ಕೆಟ್ಟಿರಬೇಕೆಂದು ಇನ್ನೊಂದನ್ನು ತರಿಸಿ ಪರೀಕ್ಷೆ ಮಾಡಿಸಿದರು, ಎರಡನೆಯದೂ ಅದನ್ನೇ ಹೇಳಿದ ಮೇಲೆ ಒಪ್ಪಿದರು. ನಮ್ಮಲ್ಲಿ ವಿಧಾನ ಇದಕ್ಕಿಂತ ಚುರುಕಾಗಿದೆ. ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಹೊಸದಾಗಿ ಜೋಡಿಸಿದ ದಿನ ಘಟಕದ ಮೊದಲ ಕ್ಯಾನಿನ ನೀರನ್ನು ಲ್ಯಾಬಿಗೆ ಕಳಿಸಿ ಬಂದ ವರದಿಯನ್ನೇ ಗೋಡೆಗೆ ಅಂಟಿಸಿದರೆ, ಕಾಗದ ಹರಿಯುವ ತನಕ ಎರಡನೆಯ ಮಾದರಿಯ ಗೊಡವೆಯೇ ಇಲ್ಲ. 1937ರಲ್ಲಿ ನೆಲ್ಲೂರು ಸೀಮೆಯಲ್ಲಿ ಫ್ಲೋರೈಡಿನಿಂದ ಮೂಳೆ ಸೆಟೆದವರ ವರದಿ ಬಂದಾಗ ನಮ್ಮ ಪಕ್ಕದ ಬಳ್ಳಾರಿಯೂ ನೆಲ್ಲೂರಿನಂತೆಯೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸುದ್ದಿ ದೂರದಿಂದ ಬರಬೇಕಾಗಿತ್ತೆಂಬ ನೆಪಕ್ಕೂ ಅವಕಾಶವಿಲ್ಲ.

ಕಾಣದ್ದನ್ನು ಒಪ್ಪದ ಸಾಹೇಬರು ಒಂದು ತುದಿಯಾದರೆ, ಕಾಣದ್ದನ್ನು ಕಣ್ಣೆದುರೇ ತೋರಿಸುವ ವಾಸ್ತವವಾದಿ ಇನ್ನೊಂದು ತುದಿ. ಅವನು ಬೈಕಿನ ಮೇಲೆ ಫಿಲ್ಟರ್ ಮಾರಲು ಬರುತ್ತಾನೆ. ಪಡಸಾಲೆಯಲ್ಲಿ ಎರಡು ಗಾಜಿನ ಲೋಟ ಇಟ್ಟು, ಒಂದರಲ್ಲಿ ಮನೆಯ ನಲ್ಲಿಯ ನೀರು, ಇನ್ನೊಂದರಲ್ಲಿ ತನ್ನ ಮಷೀನಿನ ನೀರು ಸುರಿದು, ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ ಹಾಕುತ್ತಾನೆ. ನಿಮಿಷದೊಳಗೆ ನಲ್ಲಿಯ ನೀರು ಕಂದು, ಹಸಿರು, ಕೊನೆಗೆ ಗೋಕಟ್ಟೆಯ ರಾಡಿಯ ಬಣ್ಣಕ್ಕೆ ತಿರುಗುತ್ತದೆ. "ನೋಡ್ರಿ ಅಕ್ಕಾರ, ಇದನ್ನ ಕುಡ್ಯಾಕ ಹತ್ತೀರಿ ನೀವು." ಅಕ್ಕಾರು ಬಾಯಿಗೆ ಸೆರಗು ಒತ್ತಿಕೊಂಡು ಕಂತಿನ ವಿಚಾರ ಕೇಳುತ್ತಾರೆ. ಲೋಟದಲ್ಲಿ ಕಾಣುವ ರಾಡಿ ನೀರಿನಲ್ಲಿ ಇದ್ದದ್ದಲ್ಲ. ನೀರಿನಲ್ಲಿ ಕರಗಿದ ಲವಣಗಳ ಮೂಲಕ ವಿದ್ಯುತ್ ಹರಿದು, ಕಬ್ಬಿಣದ ಕಡ್ಡಿಯೇ ಸವೆದು, ತುಕ್ಕಿನಂಥ ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ಉದುರುತ್ತದೆ. ಮಷೀನಿನ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಹೆಚ್ಚು ಹರಿಯುವುದಿಲ್ಲ, ಕಡ್ಡಿ ಅಷ್ಟಾಗಿ ಸವೆಯುವುದಿಲ್ಲ. ಅನುಮಾನವಿದ್ದವರು ಅವನ ಶುದ್ಧ ನೀರಿಗೆ ಅಡುಗೆಮನೆಯ ಚಿಟಿಕೆ ಉಪ್ಪು ಹಾಕಿ ಸ್ವಿಚ್ ಒತ್ತಿಸಲಿ, ಅದೂ ರಾಡಿಯಾಗುತ್ತದೆ. ಉಪಕರಣವು ಇರುವುದನ್ನು ತೋರಿಸುತ್ತದೆಯೋ ತಾನೇ ಹುಟ್ಟಿಸುತ್ತದೆಯೋ ಎಂದು ತತ್ವಜ್ಞಾನಿಗಳು ತಲೆ ಕೆಡಿಸಿಕೊಂಡ ಪ್ರಶ್ನೆಗೆ ಚಿಟಿಕೆ ಉಪ್ಪಿನ ಉತ್ತರವಿದೆ. ಉಪ್ಪು ಹಾಕುವ ಮೊದಲೇ ಅವನು ಡಬ್ಬಿ ಕಟ್ಟಿಕೊಂಡು ಪಕ್ಕದ ಓಣಿಗೆ ಹೋಗಿರುತ್ತಾನೆಂಬುದು ಬೇರೆ ಮಾತು.

ಅವನ ಜೇಬಿನಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರೂ ಇರುತ್ತದೆ. ಅದು ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜು ಮಾಡಿ ತೋರಿಸುತ್ತದೆ. ಲೀಟರಿಗೆ 400 ಮಿಲಿಗ್ರಾಂ ಎಂದು ತೋರಿಸಿದರೆ ಅದರೊಳಗೆ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದೆಯೋ ಮೂರು ಮಿಲಿಗ್ರಾಂ ಇದೆಯೋ ಮೀಟರಿಗೆ ತಿಳಿಯದು. ಸವಳು ಕಡಿಮೆಯಿದ್ದು ಬಾಯಿಗೆ ಸಿಹಿಯಾದ ನೀರಿಗೆ ಊರಲ್ಲೆಲ್ಲ ಒಳ್ಳೆಯ ಹೆಸರಿರುತ್ತದೆ, ಫ್ಲೋರೈಡ್ ಆ ಹೆಸರಿನ ನೆರಳಿನಲ್ಲಿ ಸುಖವಾಗಿರುತ್ತದೆ.

ಹಲ್ಲಿನ ಪ್ರಶ್ನೆ ಮತ್ತೆ ಬಂದರೆ ಕಚೇರಿಯ ಬಳಿ ಉಪಸಿದ್ಧಾಂತಗಳ ದೊಡ್ಡ ದಾಸ್ತಾನಿದೆ. ಚಹಾ ಹೆಚ್ಚು ಕುಡಿಯುತ್ತಾರೆ, ಹಲ್ಲು ಉಜ್ಜುವುದಿಲ್ಲ, ಗುಟ್ಕಾ ಹಾಕುತ್ತಾರೆ (ಎರಡನೆಯ ತರಗತಿಯ ಮಕ್ಕಳೂ!), ಮನೆತನದಲ್ಲೇ ಹಾಗಿದೆ. ಸಿದ್ಧಾಂತವನ್ನು ಉಳಿಸಲು ಹೊಸ ಊಹೆ ಸೇರಿಸುವುದು ತಾನಾಗಿಯೇ ತಪ್ಪಲ್ಲ. ಯುರೇನಸ್ ಗ್ರಹ ಲೆಕ್ಕ ತಪ್ಪಿ ಚಲಿಸಿದಾಗ ಫ್ರೆಂಚ್ ಖಗೋಳಜ್ಞ ಲ ವೆರಿಯೇ ನ್ಯೂಟನ್ನನ ಸಿದ್ಧಾಂತವನ್ನು ಬಿಡದೆ, ಕಾಣದ ಇನ್ನೊಂದು ಗ್ರಹವಿದೆಯೆಂದು ಊಹಿಸಿ ಜಾಗವನ್ನೂ ಹೇಳಿದರು, 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ದೂರದರ್ಶಕ ತಿರುಗಿಸಿದಾಗ ನೆಪ್ಚೂನ್ ಸಿಕ್ಕಿತು. ಬುಧನ ಚಲನೆಗೂ ಅದೇ ಉಪಾಯ ಹೂಡಿ ವಲ್ಕನ್ ಎಂಬ ಗ್ರಹವನ್ನು ಕಲ್ಪಿಸಿದರು, ಅದು ಸಿಗಲೇ ಇಲ್ಲ. ಎರಡೂ ಸಲ ಎಲ್ಲಿ ನೋಡಬೇಕೆಂದು ಹೇಳಿದ್ದರು. ಗುಟ್ಕಾ ಸಿದ್ಧಾಂತದವರು ಒಂದು ಮಗುವಿನ ಬಾಯಿ ತೆರೆಸಿ ನೋಡಿದ್ದನ್ನು ಯಾರೂ ಕಂಡಿಲ್ಲ.

ಸಿದ್ಧಾಂತ ಯಾವಾಗ ಸೋಲುತ್ತದೆ ಎಂಬುದನ್ನು ಮೊದಲೇ ಹೇಳದಿದ್ದರೆ ಅದು ವಿಜ್ಞಾನವಲ್ಲವೆಂದರು ತತ್ವಜ್ಞಾನಿ ಕಾರ್ಲ್ ಪಾಪರ್. ಹಳ್ಳಿಯ ಮಾಸ್ತರೊಬ್ಬರು ಇಂಥದ್ದೇ ಮಾತನ್ನು ಅರ್ಜಿಯಲ್ಲಿ ಬರೆದುಕೊಡಬಹುದು: ಘಟಕ ನಿಜವಾಗಿ ನಡೆಯುತ್ತಿದ್ದರೆ ಒಂದನೇ ತರಗತಿಗೆ ಬರುವ ಮಕ್ಕಳ ಹೊಸ ಮುಂದಿನ ಹಲ್ಲಿನಲ್ಲಿ ಕರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಬೇಕು, ಅದನ್ನು ರಿಜಿಸ್ಟರಿನಲ್ಲಿ ಬರೆಯೋಣ. ನಮೂನೆಯಲ್ಲಿ ಹಲ್ಲಿನ ಅಂಕಣವಿಲ್ಲ, ಹಲ್ಲು ಆರೋಗ್ಯ ಇಲಾಖೆಯ ವಿಷಯ, ನೀರು ನಮ್ಮ ವಿಷಯ ಎಂಬ ಉತ್ತರ ಬರುವುದು ಖಚಿತ. ಉತ್ತರದ ಹಿಂದೆ ಲೆಕ್ಕಾಚಾರವೂ ಇದೆ. ಶಾಶ್ವತ ಹಲ್ಲಿನ ಎನಾಮಲ್ ಅದು ಬಾಯಲ್ಲಿ ಮೂಡುವ ಎಷ್ಟೋ ಮೊದಲೇ, ಮಗುವಿನ ಮೊದಲ ವರ್ಷಗಳಲ್ಲಿ ರೂಪುಗೊಳ್ಳುತ್ತದೆ; ಹಲ್ಲು ಕಾಣುವುದು ಆರು ಏಳನೆಯ ವಯಸ್ಸಿಗೆ. ನಿರ್ವಹಣೆಯ ಗುತ್ತಿಗೆ ಐದು ವರ್ಷದ್ದೆಂದು ಇಟ್ಟುಕೊಂಡರೆ, ಫಲಕಕ್ಕೆ ಬಣ್ಣ ಬಳಿದ ದಿನ ಹುಟ್ಟಿದ ಮಗು ಹೊಸ ಹಲ್ಲು ತೋರಿಸಿ ನಗುವ ಹೊತ್ತಿಗೆ ಬಿಲ್ಲು ಪಾವತಿಯಾಗಿ, ಠೇವಣಿ ವಾಪಸಾಗಿ, ಸಾಹೇಬರು ವರ್ಗವಾಗಿ, ಘಟಕವು 'ಚಾಲ್ತಿಯಲ್ಲಿದೆ' ಎಂಬ ಸತ್ಯದಿಂದ 'ದುರಸ್ತಿಗೆ ಪ್ರಸ್ತಾವನೆ ಸಲ್ಲಿಸಲಾಗಿದೆ' ಎಂಬ ಇನ್ನೂ ಮೇಲಿನ ಸತ್ಯಕ್ಕೆ ಬಡ್ತಿ ಪಡೆದಿರುತ್ತದೆ.