ಹಳೇ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿ, ಆದರೆ ನೆಟ್ಟಗೆ ಹಾಕಿಸಿ

"ಬೋರ್ಡ್ ಹಳೇದು ಸಾರ್, ಇದರಲ್ಲಿರೋದು ಸಾಟಾ 2. ಎಸ್‌ಎಸ್‌ಡಿ ಹಾಕಿದ್ರೂ ಸ್ಪೀಡ್ ಬರಲ್ಲ, ಹೊಸ ಸಿಸ್ಟಮ್ಮೇ ತಗೊಳ್ಳಿ." ರಿಪೇರಿಯವರ ಈ ಮಾತು ನಂಬಿ, ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡ್ರೈವ್. ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಕೊಂಡಿ, ಅದರಲ್ಲಿ 2 ಹಳೇದು, 3 ಅದಕ್ಕಿಂತ ವೇಗದ್ದು.

ಎಷ್ಟೋ ಹಳೇ ಬೋರ್ಡುಗಳಲ್ಲಿರುವ ಎಚ್61 ಚಿಪ್‌ಸೆಟ್‌ನಲ್ಲಿರುವುದು ಸಾಟಾ 2 ಮಾತ್ರ, ಅದು ನಿಜ. ದೊಡ್ಡ ಫೈಲ್ ಕಾಪಿ ಮಾಡುವಾಗ ಸೆಕೆಂಡಿಗೆ 270-280 ಎಂಬಿ ಬರುತ್ತದೆ, ಸಾಟಾ 3ರಲ್ಲಾದರೆ 550ರ ಹತ್ತಿರ. ಆದರೆ ವಿಂಡೋಸ್ ಆನ್ ಆಗುವಾಗ, ಬ್ರೌಸರ್ ತೆರೆಯುವಾಗ ಡಿಸ್ಕಿನಿಂದ ಓದುವುದು ದೊಡ್ಡ ಫೈಲನ್ನಲ್ಲ, ಅಲ್ಲೊಂದು ಇಲ್ಲೊಂದು ಸಣ್ಣ ಚೂರನ್ನು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಪ್ರತಿ ಚೂರಿಗೂ ಹೆಡ್ ಸರಿಸಬೇಕು, ಆಮೇಲೆ ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಅರ್ಧ ಸುತ್ತಿಗೇ 4.17 ಮಿಲಿಸೆಕೆಂಡ್. ಎಲ್ಲ ಸೇರಿ ಸೆಕೆಂಡಿಗೆ ನೂರು ಸಲ ಓದಿದರೆ ಹೆಚ್ಚು. ಎಸ್‌ಎಸ್‌ಡಿ ಸಾವಿರಾರು ಸಲ ಓದುತ್ತದೆ, ಅಷ್ಟಾದರೂ ಇಂಥ ಕೆಲಸದಲ್ಲಿ ಸಾಟಾ 2ರ ಮಿತಿ ಮುಟ್ಟುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100% ತೋರಿಸುವ ಕಾಯಿಲೆಗೆ ಮದ್ದು ಇದೇ.

ಕೊಳ್ಳಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಎನ್‌ವಿಎಂಇ (ಹೊಸ ಬೋರ್ಡುಗಳಿಗೆ ಬರುವ, ಇನ್ನೂ ವೇಗದ ಎಸ್‌ಎಸ್‌ಡಿ) ಬೇಡ, ಅಡಾಪ್ಟರ್ ಹಾಕಿ ಕೂರಿಸಿದರೂ ಅಷ್ಟು ಹಳೆಯ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸಾಮಾನ್ಯವಾಗಿ ಅದರಿಂದ ಬೂಟ್ ಆಗುವುದಿಲ್ಲ. ಹೆಸರೇ ಕೇಳದ ಅಗ್ಗದ ಮಾಲೂ ಬೇಡ. ಬೇಗ ಸವೆಯುತ್ತದೆ ಎಂಬ ಭಯವಂತೂ ಬೇಡವೇ ಬೇಡ. ಕ್ರೂಷಿಯಲ್ ಬಿಎಕ್ಸ್500, 240 ಜಿಬಿಗೆ ಕಂಪನಿ ಹೇಳುವ ಬರೆಯುವ ಮಿತಿ 80 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಹತ್ತು ವರ್ಷ ದಾಟುತ್ತದೆ. ರ್‍ಯಾಮ್ 4 ಜಿಬಿ ಇದ್ದರೆ ಜೊತೆಗೇ 8 ಮಾಡಿಸಿ.

ಫಿಟ್ಟಿಂಗ್ ಸುಲಭ. ಹಾರ್ಡ್ ಡಿಸ್ಕಿನ ಸ್ಕ್ರೂ ಇದಕ್ಕೆ ಆಗುವುದಿಲ್ಲ, ಎಂ3 ಅಳತೆಯದು ಬೇಕು. ಬಲವಂತ ಮಾಡಿದರೆ ಥ್ರೆಡ್ ಹೋಗುತ್ತದೆ. ಬೋರ್ಡಿನಲ್ಲಿ ಎರಡು ಬಗೆಯ ಪೋರ್ಟ್ ಇದ್ದರೆ (ಎಚ್81 ಚಿಪ್‌ಸೆಟ್‌ನಲ್ಲಿ ಎರಡು ಸಾಟಾ 3, ಎರಡು ಸಾಟಾ 2) ಸಾಟಾ 3ಕ್ಕೆ ಚುಚ್ಚಿ. ಡೇಟಾ ಕೇಬಲ್ ಹೊಸದೇ ಹಾಕಿ. ಎಸ್‌ಎಂಪಿಎಸ್‌ನಲ್ಲಿ (ಕರೆಂಟ್ ಕೊಡುವ ಪೆಟ್ಟಿಗೆಯಲ್ಲಿ) ಸಾಟಾ ಪವರ್ ಇಲ್ಲದೆ ಮೋಲೆಕ್ಸ್ (ಹಳೇ ನಾಲ್ಕು ಪಿನ್ನಿನ ಪವರ್ ಪ್ಲಗ್) ಕನ್ವರ್ಟರ್ ಹಾಕಲೇಬೇಕಾದರೆ, ಸಾಟಾ ತುದಿಯಲ್ಲಿ ವೈರಿನ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿರುವುದನ್ನು ಕೊಳ್ಳಬೇಡಿ. ಅಂಥವು ಒಳಗೇ ಶಾರ್ಟ್ ಆಗಿ ಸುಟ್ಟು ಕರಕಲಾಗುವುದುಂಟು. ವೈರ್ ಒಂದೊಂದೂ ಬೇರೆ ಬೇರೆಯಾಗಿ ಕಾಣುವ ಬಗೆಯದು ವಾಸಿ.

ವಿಂಡೋಸ್ ಹಾಕುವ ಮೊದಲು ಬಯೋಸ್‌ನಲ್ಲಿ ಸಾಟಾ ಮೋಡ್, ಅಂದರೆ ಡಿಸ್ಕ್ ಜೊತೆ ಮಾತಾಡುವ ರೀತಿ, ಹಳೇ ಐಡಿಇ ಇದ್ದರೆ ಹೊಸ ಎಎಚ್‌ಸಿಐ ಮಾಡಿ. (ಇನ್ನೂ ಹಳೆಯ ಜಿ41 ಚಿಪ್‌ಸೆಟ್ ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ ಆ ಆಯ್ಕೆಯೇ ಇರದು. ಹಾಗಿದ್ದರೂ ನಡೆಯುತ್ತದೆ.) ಅದೇ ಹೊತ್ತಿಗೆ ಬೋರ್ಡಿನ ಮೇಲಿರುವ ಸಿಆರ್2032 ಬ್ಯಾಟರಿಯನ್ನೂ ಬದಲಾಯಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ ಮತ್ತೆ ಐಡಿಇಗೆ ಮರಳಬಹುದು. ಆಗ ನೀಲಿ ಪರದೆ, "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ಎಸ್‌ಎಸ್‌ಡಿ ಹೋಯ್ತು ಅಂತ ಮತ್ತೊಂದಕ್ಕೆ ದುಡ್ಡು ಸುರಿಯುವ ಮುಂಚೆ ಗಡಿಯಾರ ನೋಡಿ. ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ತಪ್ಪು ಬ್ಯಾಟರಿಯದು.

ಇನ್‌ಸ್ಟಾಲ್ ಮಾಡುವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನಲ್ಲೇ ಇಟ್ಟುಬಿಡಬಹುದು. ನಾಳೆ ಆ ಡಿಸ್ಕ್ ಕೆಟ್ಟರೆ, ಚೆನ್ನಾಗಿರುವ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ. ಹಳೇ ಡಿಸ್ಕಿನಲ್ಲಿರುವುದನ್ನು ಇದ್ದಂತೆಯೇ ನಕಲು (ಕ್ಲೋನ್) ಮಾಡಿದರೂ ಮೊದಲ ಬೂಟ್ ಎಸ್‌ಎಸ್‌ಡಿ ಒಂದರಲ್ಲೇ ಆಗಲಿ. ನನ್ನ ಮಟ್ಟಿಗೆ ಹೊಸದಾಗಿ ಹಾಕುವುದೇ ಮೇಲು, ಹಳೇ ಕಸವೆಲ್ಲ ಹೋಗುತ್ತದೆ. ಆದರೆ ಡಿಟಿಪಿ ಮಾಡುವವರು ಫಾರ್ಮ್ಯಾಟ್‌ಗೆ ಮುಂಚೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಕೊಳ್ಳಿ. ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನ ಹಳೇ ಪೇಜುಗಳು, ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತವೆ.

ಯಾವ ಓಎಸ್? ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಬ್ರೌಸರ್, ಮೇಲ್, ಟೈಪಿಂಗ್ ಅಷ್ಟೇ ಸಾಕಾದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಹಾಕಿ.

ಎಲ್ಲ ಆದಮೇಲೆ ವಿಂಡೋಸ್‌ನ ಆಪ್ಟಿಮೈಸ್ ಡ್ರೈವ್ಸ್ ತೆರೆದು ನೋಡಿ, "ಸಾಲಿಡ್ ಸ್ಟೇಟ್ ಡ್ರೈವ್" ಎಂದೇ ತೋರಿಸಬೇಕು. ಕೆಲಸದ ನಡುವೆ ಗಕ್ಕನೆ ನಿಂತು ನಿಂತು ಓಡುತ್ತಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶದಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಡೇಟಾ ಕೆಟ್ಟದ್ದರ ಲೆಕ್ಕ) ಸಂಖ್ಯೆ ನೋಡಿ. ಅದು ದಿನೇದಿನೇ ಏರುತ್ತಿದ್ದರೆ ಮೊದಲು ಬದಲಾಯಿಸಬೇಕಾದ್ದು ಕೇಬಲ್. ಫೋಟೋ, ಲೆಕ್ಕಪತ್ರಗಳ ಇನ್ನೊಂದು ಪ್ರತಿ ಹಳೇ ಹಾರ್ಡ್ ಡಿಸ್ಕಿನಲ್ಲಿ ಇರಲಿ. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಎಷ್ಟೋ ಸಲ ಕಟಕಟ ಸದ್ದು ಮಾಡುತ್ತದೆ, ಎಸ್‌ಎಸ್‌ಡಿ ಸದ್ದಿಲ್ಲದೆ ಒಂದೇ ಸಲಕ್ಕೆ ಹೋಗಿಬಿಡಬಹುದು.