ವೈಮೆಯಾ ಕಮರಿ ನೋಡಲು ಹೊರಟವರು ಮೊದಲು ರಸ್ತೆಯ ತುದಿಗೆ ಹೋಗಿ

ಹವಾಯಿಯ ಕವಾಯಿ ದ್ವೀಪಕ್ಕೆ ಹೋಗುವವರ ಪ್ರವಾಸ ಪಟ್ಟಿಗಳಲ್ಲಿ ವೈಮೆಯಾ ಕಮರಿಗೆ ಸಾಮಾನ್ಯವಾಗಿ ಸಿಗುವುದು ಅರ್ಧ ದಿನ. ಬೆಳಿಗ್ಗೆ ಹತ್ತಕ್ಕೆ ಹೊರಡುವುದು, ಮೊದಲು ಸಿಕ್ಕ ವ್ಯೂ ಪಾಯಿಂಟಿನಲ್ಲಿ ಫೋಟೋ ತೆಗೆಯುವುದು, ಮಧ್ಯಾಹ್ನ ಒಂದರ ಹೊತ್ತಿಗೆ ರಸ್ತೆಯ ತುದಿ ಮುಟ್ಟಿ ಅಲ್ಲಿ ಬರೀ ಬಿಳಿ ಮಂಜು ನೋಡುವುದು, ಮೂರಕ್ಕೆ ಬೀಚಿಗೆ ವಾಪಸ್. ಈ ಕ್ರಮ ಪೂರ್ತಿ ತಲೆಕೆಳಗು. ಇಡೀ ದಿನ ಕೊಡಿ. ಹತ್ತುವಾಗ ಎಲ್ಲೂ ನಿಲ್ಲದೆ ತುದಿಗೆ ಹೋಗಿ. ಕಮರಿಯನ್ನು ಇಳಿಯುತ್ತಾ ನೋಡಿ. ನನ್ನ ಮಾತು ಇಷ್ಟೇ. ಆದರೆ ಇದಕ್ಕೆ ಗಟ್ಟಿ ಕಾರಣಗಳಿವೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲನೆಯದು ಬೆಳಕು. ರಸ್ತೆ ಕಮರಿಯ ಪಶ್ಚಿಮ ಅಂಚಿನಲ್ಲಿ ಹತ್ತುತ್ತದೆ. ಹಾಗಾಗಿ ಕಮರಿಯ ವ್ಯೂ ಪಾಯಿಂಟುಗಳಲ್ಲಿ ನಿಂತಾಗ ನಿಮ್ಮ ಮುಖ ಹೆಚ್ಚುಕಡಿಮೆ ಪೂರ್ವಕ್ಕಿರುತ್ತದೆ. ಬೆಳಿಗ್ಗೆ ಸೂರ್ಯ ಎದುರುಗಡೆಯ ಗೋಡೆಯ ಹಿಂದಿನಿಂದ ಬರುತ್ತಾನೆ. ಕಣ್ಣಿಗೆ ಬಿಸಿಲು ಹೊಡೆಯುತ್ತದೆ, ಗೋಡೆ ನೆರಳಲ್ಲಿದ್ದು ಮಂಕಾಗಿ ಕಾಣುತ್ತದೆ, ಫೋಟೋದಲ್ಲಿ ಬೂದುಬಣ್ಣ. ಮಧ್ಯಾಹ್ನ ಎರಡರ ನಂತರ ಸೂರ್ಯ ನಿಮ್ಮ ಬೆನ್ನ ಹಿಂದೆ ಬರುತ್ತಾನೆ. ಆಗ ಅದೇ ಗೋಡೆ ಕೆಂಪು, ಕಂದು, ಹಸಿರು ಎಂದು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಸಂಜೆ ತೀರಾ ತಡವಾದರೆ ಪಶ್ಚಿಮ ಅಂಚಿನ ನೆರಳೇ ಕಮರಿಯ ತಳದಿಂದ ಮೇಲೇರುತ್ತಾ ಬರುತ್ತದೆ. ಎರಡರಿಂದ ನಾಲ್ಕೂವರೆ ಒಳ್ಳೆಯ ಹೊತ್ತು, ಚಳಿಗಾಲದಲ್ಲಿ ಅರ್ಧ ಗಂಟೆ ಮುಂಚೆ.

ಎರಡನೆಯದು ಮೋಡ. ರಸ್ತೆಯ ತುದಿಯಲ್ಲಿರುವುದು ಕಮರಿಯಲ್ಲ, ಕಲಲಾವ್ ಕಣಿವೆ. ಸುಮಾರು 4,000 ಅಡಿ ಎತ್ತರದಿಂದ ನಾಪಾಲಿ ಕರಾವಳಿಯ ಕಡಲಿಗೆ ನೇರ ಇಳಿಯುವ ಹಸಿರು ಗೋಡೆಗಳು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಕಡಲಿನ ತೇವವನ್ನು ಹೊತ್ತು ತಂದು ಈ ದ್ವೀಪದ ಬೆಟ್ಟಗಳಿಗೆ ಒತ್ತುತ್ತದೆ. ಗಾಳಿ ಮೇಲೇರಿದಂತೆ ತಣ್ಣಗಾಗಿ ಮೋಡ ಕಟ್ಟುತ್ತದೆ. ಹೊತ್ತೇರಿ ನೆಲ ಕಾದಂತೆ ಅದು ದಟ್ಟವಾಗುತ್ತದೆ. ಅದಕ್ಕೇ ಕಲಲಾವ್ ತೆರೆದುಕೊಂಡಿರುವ ಸಾಧ್ಯತೆ ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ. ಕಲಲಾವ್‌ಗೆ ಬೆಳಿಗ್ಗೆ ಬೇಕು, ಕಮರಿಗೆ ಮಧ್ಯಾಹ್ನ ಬೇಕು. ಎರಡಕ್ಕೂ ಇರುವುದು ಒಂದೇ ರಸ್ತೆ. ತುದಿಯಿಂದ ಶುರು ಮಾಡಿದರೆ ಎರಡೂ ಕೂಡಿಬರುತ್ತವೆ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಅಲ್ಲಿ ವಾಹನ ಓಡುವುದು ಬಲಬದಿಯಲ್ಲಿ. ಹತ್ತುವಾಗ ಕಮರಿ ನಿಮ್ಮ ಬಲಕ್ಕೇ ಇರುವುದರಿಂದ ವ್ಯೂ ಪಾಯಿಂಟುಗಳಿಗೆ ತಿರುಗುವುದು ಸಲೀಸು. ಇಳಿಯುವಾಗ ಎದುರಿನಿಂದ ಬರುವ ಸಾಲನ್ನು ದಾಟಿ ಎಡಕ್ಕೆ ತಿರುಗಬೇಕು. ತಿರುವುಗಳ ನಡುವೆ ದೂರದವರೆಗೆ ರಸ್ತೆ ಕಾಣುವುದಿಲ್ಲ, ಆದ್ದರಿಂದ ಬೇಗ ಇಂಡಿಕೇಟರ್ ಹಾಕಿ, ನಿಧಾನಿಸಿ, ಆತುರ ಬೇಡ. ಇಷ್ಟು ತೊಂದರೆ ಪಡಲು ಆ ಬೆಳಕು ಖಂಡಿತ ಯೋಗ್ಯ.

ಈಗ ಲೆಕ್ಕಾಚಾರ. ವಿಮಾನ ನಿಲ್ದಾಣವಿರುವ ಲಿಹುವೆಯಿಂದ 50ನೇ ಹೆದ್ದಾರಿಯಲ್ಲಿ ವೈಮೆಯಾ ಊರು ಸುಮಾರು 23 ಮೈಲಿ. ಅಲ್ಲಿಂದ 550ನೇ ರಸ್ತೆ ಹಿಡಿದು ಹತ್ತಬೇಕು. ಕಡಲ ಮಟ್ಟದಿಂದ ಕಲಲಾವ್‌ವರೆಗೆ 18 ಮೈಲಿ. ಲಿಹುವೆಯಿಂದ ಒಟ್ಟು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಉತ್ತರದ ಪ್ರಿನ್ಸ್‌ವಿಲ್ ಅಥವಾ ಹನಲೇಯಲ್ಲಿ ಉಳಿದವರಿಗೆ ಒಂದು ಕಡೆಗೇ ಎರಡು ಗಂಟೆಗೂ ಹೆಚ್ಚು. ದ್ವೀಪವನ್ನು ಪೂರ್ತಿ ಸುತ್ತುವ ರಸ್ತೆ ಇಲ್ಲ. ನಾಪಾಲಿ ಬಂಡೆಗಳು ನಡುವೆ ಅಡ್ಡ ನಿಂತಿವೆ. ನಕ್ಷೆಯಲ್ಲಿ ಕಲಲಾವ್ ವ್ಯೂ ಪಾಯಿಂಟ್ ಮತ್ತು ಉತ್ತರ ತೀರದ ಹಾಏನಾ ಪಕ್ಕಪಕ್ಕದಲ್ಲಿದ್ದಂತೆ ಕಂಡರೂ ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಲು ಬಹುತೇಕ ಇಡೀ ದ್ವೀಪ ಸುತ್ತಬೇಕು. ಎರಡನ್ನೂ ಒಂದೇ ದಿನಕ್ಕೆ ಹಾಕಬೇಡಿ.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸಬೇಕು. ಮುಂಗಡ ಕಾಯ್ದಿರಿಸಬೇಕಾದದ್ದು ಹಾಏನಾ ಉದ್ಯಾನಕ್ಕೆ. ವೈಮೆಯಾ ಕಮರಿಗೂ ಅದರ ಮೇಲಿನ ಕೋಕೆಎ ಉದ್ಯಾನಕ್ಕೂ ಅದು ಬೇಕಿಲ್ಲ. ಇಲ್ಲಿ ಹವಾಯಿಯ ನಿವಾಸಿಗಳಲ್ಲದವರಿಗೆ ತಲಾ 5 ಡಾಲರ್ ಪ್ರವೇಶ, ಕಾರಿಗೆ 10 ಡಾಲರ್ ಪಾರ್ಕಿಂಗ್. ಮೂರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಉಚಿತ. ನಾಲ್ವರ ಕುಟುಂಬಕ್ಕೆ 30 ಡಾಲರ್ ಆಯಿತು. ಒಮ್ಮೆ ಕಟ್ಟಿದರೆ ಅದೇ ದಿನ ಎರಡೂ ಉದ್ಯಾನಗಳಿಗೆ ನಡೆಯುತ್ತದೆ, ಪ್ರತಿ ನಿಲ್ದಾಣದಲ್ಲೂ ಮತ್ತೆ ಕಟ್ಟುವುದು ಬೇಡ. ಯಂತ್ರದಲ್ಲಿ ಕಾರ್ಡ್ ಬಳಸಿ, ರಸೀದಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಕಾಣುವಂತೆ ಇಡಿ. ಹೊರಡುವ ಹಿಂದಿನ ದಿನ ರಾಜ್ಯ ಉದ್ಯಾನಗಳ ಜಾಲತಾಣ ಒಮ್ಮೆ ನೋಡಿಕೊಳ್ಳಿ. ರಸ್ತೆ ಕೆಲಸಕ್ಕಾಗಿ ಮೇಲಿನ ವ್ಯೂ ಪಾಯಿಂಟುಗಳನ್ನು ಮುಚ್ಚುವುದುಂಟು.

ದ್ವೀಪದ ಬಸ್ಸು ಕೆಕಹಾ ಊರಿನವರೆಗೆ ಬರುತ್ತದೆ, ಬೆಟ್ಟ ಹತ್ತುವುದಿಲ್ಲ. ಕಾರು ಬೇಕೇ ಬೇಕು. ಫೋರ್ ವೀಲ್ ಡ್ರೈವ್ ಬೇಡ, ತುದಿಯವರೆಗೂ ಡಾಂಬರು. ಮೇಲೆ ಪೆಟ್ರೋಲ್ ಬಂಕ್ ಒಂದೂ ಇಲ್ಲ, ವೈಮೆಯಾದಲ್ಲೇ ತುಂಬಿಸಿ. ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಊಟಕ್ಕೆ ಕೋಕೆಎ ಲಾಡ್ಜ್ ಇದೆಯಾದರೂ ಬುತ್ತಿ ಕಟ್ಟಿಕೊಂಡು ಹೋಗುವುದೇ ನೆಮ್ಮದಿ. ಬಟ್ಟೆಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬೀಚಿನ ಚಡ್ಡಿ ಬನಿಯನ್‌ನಲ್ಲಿ ಹತ್ತಿದವರು ಕಲಲಾವ್‌ನ ಗಾಳಿಗೆ ಐದು ನಿಮಿಷ ನಿಲ್ಲಲಾರದೆ ಕಾರಿಗೆ ಓಡುತ್ತಾರೆ. ಮೇಲೆ ತಾಪಮಾನ ತೀರಕ್ಕಿಂತ 6ರಿಂದ 8 ಡಿಗ್ರಿ ಸೆಲ್ಸಿಯಸ್ ಕಡಿಮೆ, ಮೇಲಿಂದ ತುಂತುರು. ಗಾಳಿ ತಡೆಯುವ ಒಂದು ಜಾಕೆಟ್ ಸಾಕು.

ಲಿಹುವೆಯಿಂದ ಆರೂವರೆಗೆ ಹೊರಟರೆ ಎಂಟಕ್ಕೆ ಕಲಲಾವ್. ಮೋಡ ಮುಚ್ಚಿದ್ದರೆ ತಿರುಗಿ ಹೊರಡಬೇಡಿ. ಅಲ್ಲಿನ ಮೋಡ ನಿಂತ ಮೋಡವಲ್ಲ, ಗಾಳಿಯ ಜೊತೆ ಹರಿಯುವ ಮೋಡ. ಹತ್ತು ನಿಮಿಷ ಬಿಳಿ ಗೋಡೆ, ಆಮೇಲೆ ಇದ್ದಕ್ಕಿದ್ದಂತೆ ಕಡಲು. ಅರ್ಧ ಗಂಟೆ ಕಾಯಿರಿ. ಆಗಲೂ ತೆರೆಯದಿದ್ದರೆ ಒಂದು ಮೈಲಿ ಮುಂದಿನ ಪುವು ಓ ಕಿಲಾಗೆ ಹೋಗಿ, ಕಣಿವೆಯನ್ನು ಬೇರೆ ಕೋನದಿಂದ ನೋಡಬಹುದು. ರಸ್ತೆ ಮುಗಿಯುವುದು ಅಲ್ಲಿ. ಹಿಂದೆ ಈ ರಸ್ತೆಯನ್ನು ಹಾಏನಾಗೆ ಜೋಡಿಸಲು ಹೊರಟು ಜೌಗಿನಲ್ಲಿ ಕೈಬಿಟ್ಟರು. ಅಲ್ಲಿಂದ ಹೊರಡುವ ಪಿಹೆಯಾ ಟ್ರೇಲ್ ಎಂಬ ಕಾಲುದಾರಿಯ ಮೊದಲ ಭಾಗ ಇವತ್ತಿಗೂ ಅಗಲವಾಗಿರುವುದು ಅದಕ್ಕೇ. ಆ ಟ್ರೇಲಿನಲ್ಲಿ ಅರ್ಧ ಗಂಟೆ ನಡೆದು ಹಿಂತಿರುಗಿದರೂ ಒಂದು ಬದಿ ಕಲಲಾವ್, ಇನ್ನೊಂದು ಬದಿ ಅಲಕಾಯಿ ಜೌಗು ಕಾಡು ನೋಡಿದಂತಾಗುತ್ತದೆ.

ಈ ಜೌಗು ಕಾಡನ್ನು ನೋಡದೆ ಕಮರಿ ಅರ್ಥವಾಗುವುದಿಲ್ಲ ಎಂದೇ ನನಗನಿಸುತ್ತದೆ. ಪೂರ್ವದಲ್ಲಿರುವ ವೈಯಲೆಯಲೆ ಶಿಖರದ ಮೇಲೆ ವರ್ಷಕ್ಕೆ 9,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ನೀರು ಅಲಕಾಯಿಯಲ್ಲಿ ಇಂಗಿ, ಜಿನುಗಿ, ವೈಮೆಯಾ ನದಿಯಾಗಿ ಕಮರಿಯನ್ನು ಕೊರೆಯಿತು. ಆದರೆ ನದಿಯೊಂದೇ ಕೆಲಸ ಮಾಡಿದ್ದಲ್ಲ. ಈ ದ್ವೀಪ ಸುಮಾರು 50 ಲಕ್ಷ ವರ್ಷ ಹಳೆಯ ಜ್ವಾಲಾಮುಖಿ. ಸುಮಾರು 40 ಲಕ್ಷ ವರ್ಷಗಳ ಹಿಂದೆ, ಇನ್ನೂ ಲಾವಾ ಉಕ್ಕುತ್ತಿದ್ದಾಗಲೇ, ಅದರ ಒಂದು ಭಾಗ ಕುಸಿದು ತಗ್ಗಾಯಿತು. ಆಮೇಲೆ ಹರಿದ ಲಾವಾ ಆ ತಗ್ಗಿನಲ್ಲಿ ಮಡುಗಟ್ಟಿ ದಪ್ಪ ಹಾಸುಗಳಾಯಿತು. ಹೀಗಾಗಿ ನೀವು ನಿಲ್ಲುವ ಪಶ್ಚಿಮ ಬದಿಯ ಪದರಗಳು ತೆಳುವಾಗಿ ಓರೆಯಾಗಿದ್ದರೆ, ಎದುರುಗಡೆ ಪೂರ್ವದ ಪದರಗಳು ದಪ್ಪವಾಗಿ ಮಟ್ಟಸವಾಗಿವೆ. ಕೆಂಪು ಬಣ್ಣ ಬಸಾಲ್ಟ್ ಕಲ್ಲಿನ ಕಬ್ಬಿಣ ತುಕ್ಕು ಹಿಡಿದು ಬಂದದ್ದು. ಹವಾಯಿ ಭಾಷೆಯಲ್ಲಿ ವೈಮೆಯಾ ಅಂದರೆ ಕೆಂಪು ನೀರು. ಈ ಕಮರಿಗೆ ಪೆಸಿಫಿಕ್‌ನ ಗ್ರ್ಯಾಂಡ್ ಕ್ಯಾನ್ಯನ್ ಎಂದು ಹೆಸರಿಟ್ಟವನು ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಎಂದು ಎಲ್ಲೆಡೆ ಬರೆದಿರುತ್ತಾರೆ. ಟ್ವೇನ್ 1866ರಲ್ಲಿ ಹವಾಯಿಗೆ ಬಂದದ್ದು ನಿಜ, ಕವಾಯಿಗೆ ಕಾಲಿಟ್ಟಿರಲಿಲ್ಲ. ಆ ಹೋಲಿಕೆಯೂ ನನಗೆ ಒಪ್ಪಿಗೆಯಿಲ್ಲ. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್ ಬಹುಪಾಲು ಸಮುದ್ರ, ಮರಳು, ಕೆಸರು ಕಟ್ಟಿದ ಪದರ, ಇದು ಬೆಂಕಿ ಕಟ್ಟಿದ ಪದರ. ಉದ್ದ ಸುಮಾರು 10 ಮೈಲಿ, ಆಳ 3,000 ಅಡಿಗೂ ಹೆಚ್ಚು, ಅದೂ ಇಷ್ಟು ಪುಟ್ಟ ದ್ವೀಪದೊಳಗೆ.

ಇಳಿಯುವಾಗ 15ನೇ ಮೈಲಿ ಫಲಕದ ಬಳಿ ಕೋಕೆಎ ಹುಲ್ಲುಗಾವಲು ಮತ್ತು 1953ರಿಂದ ಇರುವ ಪುಟ್ಟ ವಸ್ತುಸಂಗ್ರಹಾಲಯ. ಟ್ರೇಲುಗಳ ಅಂದಿನ ಸ್ಥಿತಿ ಅಲ್ಲಿ ಕೇಳಿ ತಿಳಿಯಿರಿ. 13 ಮತ್ತು 14ರ ನಡುವೆ ಪುವು ಹಿನಾಹಿನಾ. ಇಲ್ಲಿಂದ ಕಮರಿ ಉದ್ದಕ್ಕೆ, ಕಡಲಿನ ಕಡೆಗೆ ಕಾಣುತ್ತದೆ. ಇದೇ ಜಾಗದ ಇನ್ನೊಂದು ತುದಿಯಿಂದ ನಿಯಿಹಾವ್ ದ್ವೀಪ ಕಾಣುತ್ತದೆ, 1864ರಿಂದ ಒಂದೇ ಮನೆತನದ ಒಡೆತನದಲ್ಲಿರುವ ದ್ವೀಪ. 10 ಮತ್ತು 11ರ ನಡುವೆ ಎಲ್ಲರಿಗೂ ಗೊತ್ತಿರುವ ಮುಖ್ಯ ವ್ಯೂ ಪಾಯಿಂಟ್. ಮಧ್ಯಾಹ್ನದ ಹೊತ್ತಿಗೆ ಪ್ರವಾಸಿ ಬಸ್ಸುಗಳ ಸಂದಣಿ ಇರುತ್ತದೆ, ಮೂರೂವರೆಯ ನಂತರ ಕರಗುತ್ತದೆ.

ಚಾರಣ ಮಾಡುವವರು ಒಂದನ್ನೇ ಆರಿಸಿಕೊಳ್ಳಿ. ಪುವು ಹಿನಾಹಿನಾದಿಂದ ಹೊರಡುವ ಕ್ಯಾನ್ಯನ್ ಟ್ರೇಲ್ ಹೋಗಿ ಬರಲು 3ರಿಂದ 4 ಮೈಲಿ, ಮೂರು ಗಂಟೆ. ಅದು ವೈಪೋಓ ಜಲಪಾತಕ್ಕೆ ಹೋಗುತ್ತದೆ ಎನ್ನುತ್ತಾರೆ, ಆದರೆ ನೀವು ತಲುಪುವುದು ಜಲಪಾತದ ನೆತ್ತಿಗೆ. 800 ಅಡಿ ಧುಮುಕುವ ನೀರು ಅಲ್ಲಿಂದ ಕಾಣುವುದೇ ಇಲ್ಲ. ಅದನ್ನು ನೋಡಬೇಕಾದದ್ದು ರಸ್ತೆ ಬದಿಯಿಂದ, 12ನೇ ಫಲಕದ ಆಚೆ ಪುವು ಕಾ ಪೆಲೆ ಸುತ್ತಮುತ್ತ. ಟ್ರೇಲಿನ ನಿಜವಾದ ಬಹುಮಾನ ಮಧ್ಯೆ ಸಿಗುವ ಕೆಮ್ಮಣ್ಣಿನ ಬೋಳು ದಿಬ್ಬ, ಸುತ್ತ ಕಮರಿ. 8 ಮತ್ತು 9ರ ನಡುವಿನ ಕುಕುಯಿ ಟ್ರೇಲ್ ಬೇರೆಯದೇ ವಿಷಯ. ಎರಡೂವರೆ ಮೈಲಿಯಲ್ಲಿ 2,000 ಅಡಿ ಇಳಿದು ಕಮರಿಯ ತಳಕ್ಕೆ ಹೋಗುತ್ತದೆ. ಇಳಿಯುವುದು ಸುಲಭ. ದಣಿದ ಕಾಲಲ್ಲಿ, ನೆರಳಿಲ್ಲದ ಬಿಸಿಲಲ್ಲಿ ಹತ್ತಬೇಕಾದದ್ದು ಕೊನೆಗೆ. ತಲೆಗೆ ಮೂರು ಲೀಟರ್ ನೀರಿಲ್ಲದೆ ಇಳಿಯಬೇಡಿ. ಕಲಲಾವ್ ನೋಡುವ ದಿನವೇ ಇದನ್ನು ಸೇರಿಸುವುದೂ ಬೇಡ. ಅದೇ ಜಾಗದ ಇಲಿಯಾವು ಲೂಪ್ ಕಾಲು ಗಂಟೆಯ ನಡಿಗೆ, ಮಕ್ಕಳಿಗೂ ಆಗುತ್ತದೆ. ಪಶ್ಚಿಮ ಕವಾಯಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಬೆಳೆಯದ ಇಲಿಯಾವು ಗಿಡ ಅಲ್ಲಿದೆ. ಜೀವಮಾನದಲ್ಲಿ ಒಮ್ಮೆ ಹೂಬಿಟ್ಟು ಸಾಯುತ್ತದೆ.

ಕೆಮ್ಮಣ್ಣು ಒಣಗಿದ್ದಾಗ ಪುಡಿ, ಮಳೆ ಬಿದ್ದರೆ ಸೋಪು. ರಾತ್ರಿ ಮಳೆಯಾಗಿದ್ದರೆ ಅಂಚಿನ ಟ್ರೇಲುಗಳನ್ನು ಬಿಟ್ಟುಬಿಡಿ. ಬಿಳಿ ಬಟ್ಟೆ, ಹೊಸ ಶೂ ಬೇಡ, ಕಲೆ ಹೋಗುವುದಿಲ್ಲ. ಬೇಲಿ ದಾಟಿ ಅಂಚಿಗೆ ಹೋಗಬೇಡಿ. ಆ ಕಲ್ಲು ಒಳಗೊಳಗೇ ಕೊಳೆತಿರುತ್ತದೆ, ಕಾಲಡಿ ಉದುರುತ್ತದೆ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ, ಕಾಡುಹಂದಿ ಮತ್ತು ಆಡುಗಳಿಂದ ಇಲಿ ಜ್ವರದ ಬ್ಯಾಕ್ಟೀರಿಯಾ ಅದರಲ್ಲಿ ಸೇರಿರಬಹುದು. ವಾರಾಂತ್ಯದಲ್ಲಿ ಬೇಟೆಗಾರರಿರುತ್ತಾರೆ, ದೂರದಿಂದಲೇ ಎದ್ದು ಕಾಣುವ ಬಣ್ಣದ ಅಂಗಿ ಹಾಕಿ. ಡ್ರೋನ್ ಹಾರಿಸುವಂತಿಲ್ಲ. ನೇನೇ ಎಂಬ ಹವಾಯಿಯ ಹೆಬ್ಬಾತುಗಳು ರಸ್ತೆ ಮೇಲೆ ಅಡ್ಡಾಡುತ್ತವೆ, ತಿನ್ನಲು ಏನನ್ನೂ ಕೊಡಬೇಡಿ, ಕೊಟ್ಟರೆ ಅವು ಕಾರುಗಳ ಹತ್ತಿರ ಬರುವುದನ್ನು ಕಲಿತು ಸಾಯುತ್ತವೆ.

ಟ್ರೇಲಿಗೆ ಕಾಲಿಡುವ ಮೊದಲು ಮತ್ತು ಬಂದ ಮೇಲೆ ಶೂ ಉಜ್ಜುವುದನ್ನು ದಯವಿಟ್ಟು ತಪ್ಪಿಸಬೇಡಿ. ಕಾಡಿನ ಮುಖ್ಯ ಮರ ಓಹಿಯಾ. ಅದನ್ನು ಕೊಲ್ಲುವ ಶಿಲೀಂಧ್ರ ರೋಗ 2018ರಲ್ಲಿ ಕವಾಯಿಯಲ್ಲೂ ಪತ್ತೆಯಾಯಿತು. ಅದು ಶೂಗೆ ಅಂಟಿದ ಮಣ್ಣಿನ ಜೊತೆ ಪ್ರಯಾಣ ಮಾಡಬಲ್ಲದು, ಮರದ ಗಾಯದಿಂದ ಒಳಹೋಗುತ್ತದೆ. ಮೊದಲು ಬ್ರಷ್‌ನಿಂದ ಮಣ್ಣು ಪೂರ್ತಿ ತೆಗೆಯಿರಿ, ಆಮೇಲೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಂಪಡಿಸಿ. ಮಣ್ಣಿದ್ದರೆ ಸಿಂಪಡಿಸಿದ್ದು ವ್ಯರ್ಥ. ಬೇರೆ ಹವಾಯಿ ದ್ವೀಪದಿಂದ, ಅದರಲ್ಲೂ ಬಿಗ್ ಐಲೆಂಡ್ ಎಂದು ಕರೆಯುವ ಅತಿ ದೊಡ್ಡ ದ್ವೀಪದಿಂದ ಬರುವವರು ಕವಾಯಿಗೆ ಬರುವ ಮುಂಚೆಯೇ ಇದನ್ನು ಮಾಡಬೇಕು.

ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲೂ ಕಡಿಮೆ ಗೇರಿಗೆ ಹಾಕಿ ಎಂಜಿನ್‌ನಿಂದಲೇ ವೇಗ ತಡೆಯಿರಿ. ತಿರುವಿಗೆ ವಾಕರಿಕೆ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಕೆಳಗೆ ರಸ್ತೆ ಕವಲೊಡೆಯುವಲ್ಲಿ ಬಂದ ದಾರಿ ಬಿಟ್ಟು 552ನೇ ರಸ್ತೆ ಹಿಡಿಯಿರಿ, ಅದರ ಇಳಿಜಾರೂ ತಿರುವುಗಳೂ ಸೌಮ್ಯ, ಎದುರಿಗೆ ಕಡಲು ಮತ್ತು ನಿಯಿಹಾವ್. ಕೆಕಹಾ ತಲುಪಿದ ಮೇಲೆ ಎಡಕ್ಕೆ ಹೋದರೆ ವೈಮೆಯಾ, ಲಿಹುವೆ. ಬಲಕ್ಕೆ ಪೊಲಿಹಾಲೆ ಬೀಚಿನ ದಾರಿ, ಆದರೆ ಅದರ ಕೊನೆಯ ಮೈಲಿಗಳು ಗುಂಡಿಬಿದ್ದ ಮಣ್ಣಿನ ರಸ್ತೆ. ಬಾಡಿಗೆ ಕಾರಿನ ಒಪ್ಪಂದ ಓದದೆ ಅತ್ತ ತಿರುಗಬೇಡಿ. ಸೂರ್ಯಾಸ್ತ ಕೆಕಹಾದ ತೀರದಲ್ಲೂ ಚೆನ್ನಾಗಿಯೇ ಕಾಣುತ್ತದೆ.